ಮಾವ ನಡೆಯದ ಅರ್ಧ ಮೈಲಿ

ನಮ್ಮ ಸೋದರಮಾವನಷ್ಟು ಹೆದರುವ ಮನುಷ್ಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಛಾಪಾ ಕಾಗದದ ಮೇಲೆ ಬರೆದುಕೊಡಬಲ್ಲೆ. ಅದರಾಚೆಯ ವಿಷಯ ಗೊತ್ತಿಲ್ಲ. ಅದರಾಚೆಗೆ ಹೋಗಲು ಮಾವನಿಗೆ ಭಯವಾದ್ದರಿಂದ ಹೋಲಿಸಿ ನೋಡುವ ಅವಕಾಶ ಇದುವರೆಗೆ ಸಿಕ್ಕಿಲ್ಲ. ಇಂಥವರನ್ನು ಸರ್ಕಾರ ಸರ್ವೇಯರ್ ಕೆಲಸಕ್ಕೆ ತೆಗೆದುಕೊಂಡು, ನಿವೃತ್ತಿಯಾಗುವವರೆಗೆ ಹಾವು, ಚೇಳು, ಬೀದಿನಾಯಿ ಮತ್ತು ಒಂದು ಬದುವಿಗಾಗಿ ಕುಡುಗೋಲು ಹಿಡಿದು ನಿಲ್ಲುವ ದಾಯಾದಿಗಳ ನಡುವೆ ಓಡಾಡಿಸಿತು. ಸರ್ಕಾರಕ್ಕೆ ಹಾಸ್ಯಪ್ರಜ್ಞೆ ಇಲ್ಲ ಎಂದು ಯಾರು ಹೇಳಿದ್ದು?

ಒಲೆಯ ಮೇಲೆ ಕುಕ್ಕರ್ ಇಟ್ಟರೆ ಸಾಕು, ಮಾವ ಅಂಗಳಕ್ಕೆ ಹೋಗಿ ಮಾವಿನ ಮರದ ಹಿಂದೆ ನಿಲ್ಲುತ್ತಾರೆ. ಮೂರು ವಿಷಲ್ ಆಗಿ, ಅತ್ತೆ ಒಳಗಿನಿಂದ "ಆಯ್ತು, ಬನ್ನಿ" ಎಂದು ಕೂಗಿದ ಮೇಲೂ "ಹಬೆ ಪೂರ್ತಿ ಹೋಯ್ತಾ?" ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಕಾಲಿಡುವುದು. ಮದುವೆ ಛತ್ರದಲ್ಲಿ ಎಲ್ಲರೂ ಫ್ಯಾನಿನ ಕೆಳಗಿನ ಕುರ್ಚಿಗೆ ಕರವಸ್ತ್ರ ಹಾಕಿ ಹಿಡಿದಿಟ್ಟುಕೊಂಡರೆ, ಇವರು ಎರಡು ಫ್ಯಾನುಗಳ ನಡುವಿನ ಜಾಗವನ್ನು ಹೆಜ್ಜೆಯಲ್ಲಿ ಅಳೆದು, ಸರಿಯಾಗಿ ಮಧ್ಯಕ್ಕೆ ಕುರ್ಚಿ ಎಳೆದುಕೊಂಡು, ಬೆವರು ಒರೆಸಿಕೊಳ್ಳುತ್ತ ಕೂರುತ್ತಾರೆ. ಸರ್ವೇಯರ್ ಅಲ್ಲವೇ, ಅಳತೆ ತಪ್ಪುವುದಿಲ್ಲ.

ಬಸ್ಸಿನಲ್ಲಿ ಅವರಿಗೆ ಡ್ರೈವರನ ಹಿಂದಿನ ಸೀಟೇ ಆಗಬೇಕು. ಡ್ರೈವರ್ ತೂಕಡಿಸದಂತೆ ನೋಡಿಕೊಳ್ಳುವ ಹೊಣೆ ತಮ್ಮದೇ ಎಂದು ಅವರು ನಂಬಿದ್ದಾರೆ. ಒಮ್ಮೆ ಮುಳಬಾಗಿಲಿನಿಂದ ಕೋಲಾರಕ್ಕೆ ಬರುವಾಗ ನಾನೂ ಪಕ್ಕದಲ್ಲಿದ್ದೆ.

"ಊಟ ಆಯ್ತಾ ಡ್ರೈವರಣ್ಣ?"

"ಆಯ್ತು ಸಾರ್."

"ಹೊಟ್ಟೆ ತುಂಬ ಮಾಡ್ಲಿಲ್ಲ ತಾನೆ?"

"ಇಲ್ಲ ಸಾರ್."

"ನಿನ್ನೆ ನಿದ್ದೆ ಚೆನ್ನಾಗಿ ಆಯ್ತಾ?"

ಅರ್ಧ ದಾರಿಯಲ್ಲಿ ಡ್ರೈವರ್ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಹಿಂದಕ್ಕೆ ತಿರುಗಿ, ಕೈ ಮುಗಿದು, "ಸಾರ್, ನೀವು ಮಲಗಿಬಿಡಿ. ನಾನು ಎಚ್ಚರವಾಗಿರ್ತೀನಿ, ಪ್ರಾಮಿಸ್" ಎಂದ.

ಅತ್ತೆಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಅವರು ರಾಯಲ್ಪಾಡು ಕಡೆಯವರು, ಮನೆಮಾತು ತೆಲುಗು. ಅಡುಗೆಮನೆಗೆ ಹಾವು ಬಂದರೆ ಪೊರಕೆಯಲ್ಲಿ ಆಚೆ ದಬ್ಬಿ, ಕೈ ತೊಳೆದು, ಮತ್ತೆ ಮುದ್ದೆ ತಿರುವಲು ಕೂರುವಂಥವರು. "ಏಂ ಕಾದು" ಎನ್ನುವುದು ಅವರ ಮಂತ್ರ. ಏನೂ ಆಗಲ್ಲ ಎಂದರ್ಥ. ಮದುವೆಯಾದಾಗಿನಿಂದ ದಿನಕ್ಕೆ ಹತ್ತು ಸಲವಾದರೂ ಅದನ್ನು ಮಾವನ ಕಿವಿಗೆ ಹಾಕುತ್ತಲೇ ಬಂದಿದ್ದಾರೆ. ಔಷಧ ಹಿಡಿದಿಲ್ಲ. ಹಾವಿನ ಭಯವಾದರೂ ಹೋಗಲಿ ಎಂದು ಒಂದು ನಾಗರಕಲ್ಲಿನ ಹರಕೆ ಹೊತ್ತು, ಶಿವಾರಪಟ್ಟಣಕ್ಕೆ ಹೋಗಿ ಕಲ್ಲು ಕಡೆಯಲು ಹೇಳಿ ಬಂದರು. ತಿಂಗಳ ಮೇಲೆ ನೋಡಲು ಹೋದಾಗ ಶಿಲ್ಪಿ ಗೋಣಿಚೀಲ ಸರಿಸಿದರು. ಏಳು ಹೆಡೆ, ಒಂದೊಂದರಲ್ಲೂ ಈಗ ಆಡುತ್ತದೇನೋ ಎನ್ನುವಂಥ ನಾಲಿಗೆ. ಮಾವ ಎರಡು ಹೆಜ್ಜೆ ಹಿಂದೆ ಸರಿದರು.

"ಬಹಳ ಚೆನ್ನಾಗಿದೆ ಆಚಾರ್ರೇ," ಎಂದರು. "ಸ್ವಲ್ಪ ಕಡಿಮೆ ಚೆನ್ನಾಗಿ ಮಾಡೋಕಾಗುತ್ತಾ?"

ಇಷ್ಟನ್ನೆಲ್ಲ ನಮ್ಮ ಜನ ನಕ್ಕು ಮರೆಯುತ್ತಿದ್ದರು. ಅವರು ಕ್ಷಮಿಸದೇ ಇದ್ದದ್ದು ಒಂದೇ: ಮಾವ ಮಳೆಗೂ ಹೆದರುತ್ತಿದ್ದರು. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆ ನಮ್ಮದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದೂ ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಹಿಂದಿನವರು ಒಂದರ ಕೈಯನ್ನು ಇನ್ನೊಂದಕ್ಕೆ ಕೊಟ್ಟು ಕಟ್ಟಿದ ಕೆರೆಗಳನ್ನು ನಂಬಿಕೊಂಡು ನಾವು ರಾಗಿ, ಟೊಮ್ಯಾಟೊ, ಹಿಪ್ಪುನೇರಳೆ ಬೆಳೆಯುತ್ತೇವೆ. ಮೋಡ ಕಂಡರೆ ಕೈ ಮುಗಿಯುವ ಜನ. ಅಂಥ ಕಡೆ ಈ ಒಬ್ಬ ಮನುಷ್ಯ ಮೋಡ ಕಪ್ಪಾದ ಕೂಡಲೇ ಫೋನ್ ಹಿಡಿದು ತಾಯಲೂರಿನ ಆಚೆ ಇರುವ ಒಂದು ಊರಿನ ಪರಿಚಯದವರಿಗೆಲ್ಲ ಕರೆ ಮಾಡುತ್ತಿದ್ದರು. "ಮೇಲಿನ ಕೆರೆ ಎಷ್ಟಿದೆ? ಕೋಡಿ ಬೀಳೋ ಹಾಗಿದೆಯಾ?" ಇಲ್ಲ ಎಂದರೆ, "ಸದ್ಯ" ಎಂದು ಉಸಿರು ಬಿಡುತ್ತಿದ್ದರು. ಕೆರೆ ತುಂಬಲಿಲ್ಲ ಎಂದು ಸಮಾಧಾನಪಡುವವರನ್ನು ಯಾರು ತಾನೆ ಹತ್ತಿರ ಸೇರಿಸುತ್ತಾರೆ? ಆ ಊರಿನ ಒಬ್ಬರು ಇವರ ನಂಬರನ್ನೇ ಬ್ಲಾಕ್ ಮಾಡಿದ್ದರು.

ಬೇರೆ ಯಾವ ಕೆರೆಗೂ ಹೆದರದ ಮಾವ ಅದೊಂದೇ ಕೆರೆಗೆ ಯಾಕೆ ಹೆದರುತ್ತಾರೆ ಎಂದು ನಾವು ಯಾರೂ ಕೇಳಲಿಲ್ಲ. ಹೆದರುಪುಕ್ಕಲರ ಭಯಕ್ಕೆ ಕಾರಣ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ಕೋಲಾರದ ಒಂದು ಯೋಜನಾ ಕಚೇರಿಯಲ್ಲಿ ನಾನು ಗುತ್ತಿಗೆಯ ನಕ್ಷೆಗಾರ್ತಿ. ಕಂಪ್ಯೂಟರಿನಲ್ಲಿ ಊರುಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಹಳದಿ ಎಂದರೆ ಮನೆಗಳು, ನೇರಳೆ ಎಂದರೆ ಕಾರ್ಖಾನೆ, ಹಸಿರು ಹೊಲ ತೋಟ, ನೀಲಿ ಎಂದರೆ ಕೆರೆ ಕಾಲುವೆ. ಆ ವರ್ಷ ನಾವು ಅಕ್ಕಪಕ್ಕದ ಕೆಲವು ಹೋಬಳಿಗಳನ್ನು ಸೇರಿಸಿ ಒಂದು ಕರಡು ಯೋಜನೆ ಮಾಡಿ, ಜನರ ಆಕ್ಷೇಪಣೆಗೆಂದು ಗೋಡೆಗೆ ಹಾಕಿದ್ದೆವು. ಜಲಮೂಲಗಳನ್ನೂ ಅವುಗಳಿಗೆ ನೀರು ತರುವ ದಾರಿಗಳನ್ನೂ ಉಳಿಸಿಕೊಂಡೇ ಊರುಗಳು ಬೆಳೆಯಬೇಕು ಎನ್ನುವುದು ಯೋಜನೆಯ ಉದ್ದೇಶ ಎಂದು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆ ಪುಟವನ್ನು ಟೈಪ್ ಮಾಡಿದವಳೂ ನಾನೇ.

ಒಂದು ದಿನ ಮಾವ ಕಣ್ಣಿನ ಡಾಕ್ಟರ ಹತ್ತಿರ ಬಂದವರು ನನ್ನನ್ನು ನೋಡಲು ಕಚೇರಿಗೆ ಬಂದರು. ಮೆಟ್ಟಿಲು ಹತ್ತುವ ಮೊದಲು ಕಟ್ಟಡದ ಬಿರುಕುಗಳನ್ನು ಪರೀಕ್ಷಿಸಿ, ಫ್ಯಾನಿಲ್ಲದ ಮೂಲೆಯಲ್ಲಿ ಕೂತು, ನಾನು ತರಿಸಿದ ಕಾಫಿ ಆರಲೆಂದು ಕಾಯುತ್ತ, ಗೋಡೆಯ ನಕ್ಷೆಯನ್ನು ನೋಡತೊಡಗಿದರು. ಹಳೆಯ ಸರ್ವೇಯರ್ ನಕ್ಷೆ ನೋಡಿದರೆ ಮೊಮ್ಮಗುವನ್ನು ನೋಡಿದಂತೆ ಎಂದು ನಾನು ಸುಮ್ಮನಿದ್ದೆ. ಆಮೇಲೆ ನೋಡಿದರೆ ಅವರ ಬೆರಳು ಒಂದು ಕಡೆ ನಿಂತುಬಿಟ್ಟಿತ್ತು.

"ಅಮ್ಮಣ್ಣಿ, ಇಲ್ಲಿ ಹಳದಿ ಯಾರು ಬಳಿದದ್ದು?"

"ನಾನೇ ಮಾವ."

"ಇಲ್ಲೊಂದು ರಾಜಕಾಲುವೆ ಇದೆಯಲ್ಲಮ್ಮ. ಮೇಲಿನ ಕೆರೆ ಕೋಡಿಯಿಂದ ಕೆಳಗಿನ ಕೆರೆಗೆ."

"ಇಲ್ಲ ಮಾವ. ದಾಖಲೆ ನೋಡಿದ್ದೀನಿ. ಅರ್ಧ ಮೈಲಿಯಷ್ಟು ಕಾಲುವೆ ಸ್ಥಳದಲ್ಲಿ ಕಂಡುಬರುವುದಿಲ್ಲ ಅಂತ ಬರೆದಿದೆ."

ಮಾವ ನಕ್ಷೆಯಿಂದ ಬೆರಳು ತೆಗೆದರು. ನೀರು ಕೇಳಿದರು, ಕೊಟ್ಟರೆ ಕುಡಿಯಲಿಲ್ಲ. ಕಾಫಿಯನ್ನೂ ಮುಟ್ಟದೆ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದರು. ನನಗೆ ಗಾಬರಿಯಾಗಿ ಅತ್ತೆಗೆ ಫೋನ್ ಮಾಡಿದೆ. "ಏಂ ಕಾದು," ಎಂದರು ಅತ್ತೆ. "ದಾರೀಲಿ ಯಾವುದೋ ನಾಯಿ ನೋಡಿರಬೇಕು."

ಮೂರು ದಿನದ ಮೇಲೆ ಮಾವನೇ ಫೋನ್ ಮಾಡಿದರು. "ಭಾನುವಾರ ಬಾ. ನನ್ನನ್ನ ಆ ಕಾಲುವೆ ಹತ್ರ ಕರ್ಕೊಂಡು ಹೋಗು. ಒಬ್ಬನೇ ಹೋಗೋಕೆ ನನಗೆ ಭಯ."

ಆಗ ಚಿತ್ತಾ ಮಳೆ ಒಂದು ವಾರದಿಂದ ಬಿಟ್ಟುಬಿಟ್ಟು ಸುರಿಯುತ್ತಿತ್ತು. ಭಾನುವಾರ ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಮಾವ ನನ್ನ ಸ್ಕೂಟರಿನ ಹಿಂದೆ ಕೂತು, ಎರಡೂ ಕಾಲುಗಳನ್ನು ನೆಲದಿಂದ ಒಂದು ಗೇಣು ಮೇಲೆ, ಬೇಕಾದಾಗ ಊರಲು ಅನುಕೂಲವಾಗುವಂತೆ ಇಳಿಬಿಟ್ಟುಕೊಂಡು ಬಂದರು. ಮಡಿಲಲ್ಲಿ ಒಂದು ದಪ್ಪ ಕಂಬಳಿ. ಯಾಕೆ ಎಂದರೆ ಹೇಳಲಿಲ್ಲ.

ಮೇಲಿನ ಕೆರೆ ಅಂಚಿನವರೆಗೆ ತುಂಬಿ ನಿಂತಿತ್ತು. ಏರಿಯ ಮೇಲೆ ಆಗಲೇ ಜನ ಸೇರಿದ್ದರು, ತೆಂಗಿನಕಾಯಿ, ಹೂವು, ಅರಿಶಿನ ಕುಂಕುಮದ ತಟ್ಟೆ. ಇವತ್ತು ಕೋಡಿ ಬೀಳುತ್ತದೆ ಎಂದು ಎಲ್ಲರ ಮುಖವೂ ಅರಳಿತ್ತು. ಎಷ್ಟೋ ವರ್ಷಗಳಿಂದ ಆ ಕೆರೆ ಹಾಗೆ ತುಂಬಿದ್ದನ್ನು ಯಾರೂ ನೋಡಿರಲಿಲ್ಲವಂತೆ. ಮಾವ ನೀರನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು. "ನಡಿ ಬೇಗ," ಎಂದರು.

ಕೋಡಿಯಿಂದ ಕಾಲುವೆ ಮೊದಲು ಹೊಂಗೆ ಮರಗಳ ನಡುವೆ ಚೆನ್ನಾಗಿಯೇ ಸಾಗಿತು. ಆಮೇಲೆ ಎರಡು ದೊಡ್ಡ ಬಂಡೆಗಳು ಎದುರುಬದುರಾಗಿ ನಿಂತ ಜಾಗ ಬಂತು. ತಲೆಯೆತ್ತಿ ನೋಡಿದರೆ ಬಂಡೆಯ ಹೊಟ್ಟೆಗೆ ಕಪ್ಪಗೆ ಅಂಟಿಕೊಂಡಿದ್ದವು ಹೆಜ್ಜೇನಿನ ಗೂಡುಗಳು. ಒಂದೊಂದೂ ಮೊರದಗಲ. ಕೆಳಗೆ ನಿಂತವರಿಗೆ ಅವುಗಳ ಸಣ್ಣ ಗುಂಯ್‌ಗುಡುವಿಕೆ ಎದೆಯೊಳಗೆ ಕೇಳುತ್ತಿತ್ತು.

ಮಾವ ಕಂಬಳಿ ಹೊದ್ದು, ಮುಖ ಮಾತ್ರ ಕಾಣುವಂತೆ ಹಿಡಿದುಕೊಂಡು, ಒಂದು ಕಲ್ಲಿನ ಮೇಲೆ ಕೂತರು.

"ಅಮ್ಮಣ್ಣಿ, ಆ ದಾಖಲೆಯ ಮಾತು ನಂದು," ಎಂದರು.

ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಕಾಲುವೆ ಅಳೆಯಲು ಬಂದಿದ್ದರಂತೆ. ಜೊತೆಗೆ ಅಳತೆಯ ಸರಪಳಿ ಹಿಡಿಯುವ ಇಬ್ಬರು. ಇದೇ ಜಾಗದಲ್ಲಿ ಹೆಜ್ಜೇನು ಎದ್ದು ಒಬ್ಬನನ್ನು ಮುತ್ತಿಕೊಂಡಿತು. ಆತ ಬದುಕಿಕೊಂಡ, ಆದರೆ ಮುಖ ಗುರುತೇ ಸಿಗದಷ್ಟು ಊದಿತ್ತು. ಆಸ್ಪತ್ರೆಗೆ ಸಾಗಿಸಿ ಬಂದ ಮೇಲೆ ಮಾವನಿಗೆ ಮತ್ತೆ ಇಲ್ಲಿಗೆ ಕಾಲಿಡಲು ಆಗಲಿಲ್ಲ. ಮೇಲಧಿಕಾರಿ ವರದಿ ಕೇಳುತ್ತಿದ್ದರು. ಮಾವ ಊರಾಚೆಯ ಮರದ ಕೆಳಗೆ ಕೂತು ಒಂದು ಸಾಲು ಬರೆದರು: ಇಲ್ಲಿಂದ ಮುಂದೆ ಅರ್ಧ ಮೈಲಿ ಕಾಲುವೆ ಸ್ಥಳದಲ್ಲಿ ಕಂಡುಬರುವುದಿಲ್ಲ.

"ಮುಂದಿನ ವರ್ಷ ಬಂದು ಸರಿ ಮಾಡೋಣ ಅಂದ್ಕೊಂಡೆ. ವರ್ಗ ಆಯ್ತು. ಆಮೇಲೆ ಹೇಳಿದ್ರೆ ಏನ್ಮಾಡ್ತಾರೋ ಅಂತ ಭಯ. ಆಮೇಲೆ ಹೇಳದೇ ಇದ್ದದ್ದಕ್ಕೇ ಭಯ. ಈ ಕೆರೆ ಕೋಡಿ ಬಿದ್ರೆ ನೀರು ಎಲ್ಲಿಗೆ ಹೋಗುತ್ತೆ, ಯಾರ ಮನೆಗೆ ಹೋಗುತ್ತೆ ಅಂತ ಮೋಡ ನೋಡಿದಾಗೆಲ್ಲ..."

ನನಗೂ ಹೇಳುವುದು ಒಂದಿತ್ತು. ನಮ್ಮ ಕಚೇರಿಯಲ್ಲಿ ಪ್ರತಿ ನಕ್ಷೆಗೂ ಒಂದು ಹಾಳೆ ಅಂಟಿಸಿರುತ್ತದೆ, "ಸ್ಥಳ ಪರಿಶೀಲಿಸಲಾಗಿದೆ" ಎಂದು ಅಚ್ಚಾಗಿರುತ್ತದೆ, ಕೆಳಗೆ ನಕ್ಷೆ ಮಾಡಿದವರು ಸಹಿ ಹಾಕಬೇಕು. ಈ ಜಾಗದ ಹಾಳೆಯ ಮೇಲೆ ನನ್ನ ಸಹಿ ಇತ್ತು. ಅವತ್ತಿನವರೆಗೆ ನಾನು ಇಲ್ಲಿಗೆ ಬಂದೇ ಇರಲಿಲ್ಲ. ಮಾವನಿಗಾದರೂ ಹೆಜ್ಜೇನು ಅಡ್ಡ ಬಂದಿತ್ತು. ನನಗೆ ಅಡ್ಡ ಬಂದದ್ದು ಮಧ್ಯಾಹ್ನದ ಬಿಸಿಲು.

"ನಡೆಯೋಣ," ಎಂದು ಮಾವ ಎದ್ದರು. ಬಂಡೆಗಳ ನಡುವೆ ಅವರು ಕಾಲಿಟ್ಟದ್ದನ್ನು ನಾನು ಹಿಂದಿನಿಂದ ನೋಡಿದೆ. ಕಂಬಳಿ ಪೂರ್ತಿ ನಡುಗುತ್ತಿತ್ತು, ಒಳಗೆ ಯಾರೋ ನಾಲ್ಕು ಜನ ಜಗಳವಾಡುತ್ತಿರುವ ಹಾಗೆ. ನಗು ಬರಬೇಕಿತ್ತು. ನನ್ನ ಕಣ್ಣೂ ಗೂಡುಗಳ ಮೇಲೇ ಇದ್ದದ್ದರಿಂದ ಬರಲಿಲ್ಲ. ತಲೆಯ ಮೇಲಿನ ಸದ್ದು ಒಮ್ಮೆ ಜೋರಾಯಿತು, ಮತ್ತೆ ತಗ್ಗಿತು. ನಾವು ಉಸಿರು ಹಿಡಿದು ದಾಟಿದೆವು. ಮುಂದೆ, ಪೊದೆಗಳ ಕೆಳಗೆ, ಎರಡೂ ಬದಿಗೆ ಕಲ್ಲು ಕಟ್ಟಿದ ಕಾಲುವೆ ಒಂದಿಷ್ಟೂ ಕೆಡದೆ ಮಲಗಿತ್ತು. ಮಾವ ಬಗ್ಗಿ ಒಂದು ಕಲ್ಲನ್ನು ಮುಟ್ಟಿ ನೋಡಿದರು. ಇಷ್ಟು ವರ್ಷ ಅದು ಇಲ್ಲಿಯೇ ಇತ್ತು.

ಕಾಲುವೆ ಹಿಡಿದು ಹೋದರೆ ಕೊನೆಯಲ್ಲಿ ನೆಲ ಇಳಿಜಾರಾಗುವ ಕಡೆ ಅದು ಇದ್ದಕ್ಕಿದ್ದಂತೆ ಮಾಯವಾಯಿತು. ಯಾರೋ ಲಾರಿಗಟ್ಟಲೆ ಮಣ್ಣು ತಂದು ತುಂಬಿ, ಮಟ್ಟ ಮಾಡಿ, ನಿವೇಶನದ ಕಲ್ಲು ನೆಟ್ಟಿದ್ದರು. ದಾಖಲೆಯಲ್ಲಿ ಇಲ್ಲದ ಕಾಲುವೆಯನ್ನು ಮುಚ್ಚಲು ಯಾರ ಅಪ್ಪಣೆ ಬೇಕು? ಆ ಮಣ್ಣಿನ ದಿಬ್ಬದ ಪಕ್ಕಕ್ಕೆ, ತಗ್ಗಿನಲ್ಲಿ, ಇಪ್ಪತ್ತರಷ್ಟು ಸಣ್ಣ ಮನೆಗಳ ಒಂದು ಬೀದಿ. ಬಾಗಿಲಲ್ಲಿ ಬಟ್ಟೆ ಒಣಗುತ್ತಿದ್ದವು. ಒಂದು ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

ಅಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು. ದೂರದಲ್ಲಿ, ಮೇಲಿನ ಕೆರೆಯ ಕಡೆಯಿಂದ, ತಮಟೆಯ ಸದ್ದೂ ಕೇಕೆಯೂ ಕೇಳಿಬಂದವು. ಕೋಡಿ ಬಿದ್ದಿತ್ತು.

ಮಾವ ಓಡಿದರು. ಅವರು ಓಡಿದ್ದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ, ನಾಯಿಯಿಂದ, ಹಸುವಿನಿಂದ, ಪಟಾಕಿಯಿಂದ. ಭಯವಾಗುವ ಕಡೆಗೇ ಓಡಿದ್ದನ್ನು ನೋಡಿದ್ದು ಅದೇ ಮೊದಲು. ಕಂಬಳಿ ದಾರಿಯಲ್ಲಿ ಬಿತ್ತು. ಬೀದಿಯ ಮಧ್ಯೆ ನಿಂತು, "ನೀರು ಬರ್ತಾ ಇದೆ, ಎಲ್ಲರೂ ಮೇಲೆ ಸ್ಕೂಲ್ ಹತ್ರ ಹೋಗಿ, ಮಕ್ಕಳನ್ನ ಕರ್ಕೊಳ್ಳಿ," ಎಂದು ಕೂಗತೊಡಗಿದರು.

ಜನ ಹೊರಗೆ ಬಂದರು. ಮಾವನ ಖ್ಯಾತಿ ಆ ಊರಿಗೂ ಮುಟ್ಟಿತ್ತು. ಒಬ್ಬರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕರು. "ಸಾರ್, ನೀವು ಕುಕ್ಕರ್‌ಗೆ ಹೆದರೋರಲ್ವಾ?"

"ಹೌದು, ಹೆದರ್ತೀನಿ," ಎಂದರು ಮಾವ. "ಈಗಲೂ ಹೆದರಿಕೊಂಡೇ ಹೇಳ್ತಿದ್ದೀನಿ. ನೀರು ಆ ಮಣ್ಣಿಗೆ ಬಡಿದು ನಿಮ್ಮ ಬೀದಿಗೇ ತಿರುಗುತ್ತೆ."

"ಇಲ್ಲಿಗೆ ಯಾವತ್ತೂ ನೀರು ಬಂದಿಲ್ಲ ಸಾರ್."

"ಕೆರೆ ಯಾವತ್ತೂ ತುಂಬಿಲ್ಲ ಕಣಪ್ಪ."

ಯಾರೂ ಕದಲಲಿಲ್ಲ. ಆಗ ಮೊದಲ ಮನೆಯಿಂದ ಒಬ್ಬ ವಯಸ್ಸಾದ ಹೆಂಗಸು ಬಂದರು. ಬಟ್ಟೆ ಹೊಲಿಯುವವರು, ಬೀದಿಯವರೆಲ್ಲ ಆಪಾ ಎನ್ನುತ್ತಿದ್ದರು. ಅವರು ಮಾವನ ಮುಖ ನೋಡಲಿಲ್ಲ, ಕೈ ನೋಡಿದರು. ಎರಡೂ ಕೈಗಳು ಜ್ವರ ಬಂದವರ ಹಾಗೆ ಅದುರುತ್ತಿದ್ದವು.

"ಇಷ್ಟು ನಡುಗೋ ಮನುಷ್ಯ ಓಡಿಹೋಗದೆ ಇಲ್ಲೇ ನಿಂತವ್ರೆ," ಎಂದರು ಆಪಾ. "ಸುಮ್ನೆ ಯಾಕೆ ನಿಲ್ತಾರೆ? ನಾನಂತೂ ಮಿಷನ್ ಎತ್ತಿಸ್ತೀನಿ. ಬನ್ನಿ, ಒಂದು ಕೈ ಹಾಕಿ."

ಹೊಲಿಗೆ ಮಿಷನ್ ಮೇಲಕ್ಕೆ ಹೊರಟಿದ್ದನ್ನು ನೋಡಿ ಎದುರು ಮನೆಯವರು ಟಿವಿ ಎತ್ತಿದರು. ಟಿವಿ ನೋಡಿ ಇನ್ನೊಬ್ಬರು ಅಕ್ಕಿ ಮೂಟೆ ಎತ್ತಿದರು. ಮಾವ ಮನೆಮನೆಗೆ ಹೋಗಿ ಒಳಗೆ ಮಲಗಿದವರನ್ನು, ಕಿವಿ ಕೇಳದ ಒಬ್ಬ ಅಜ್ಜನನ್ನು, ಕೈಗೂಸುಗಳನ್ನು ಹೊರಗೆ ತರಿಸಿದರು. ನಾನೂ ಒಂದು ಮಗುವನ್ನು ಎತ್ತಿಕೊಂಡು ದಿಣ್ಣೆ ಹತ್ತಿದೆ. ಅದು ಸುಮ್ಮನೆ ನನ್ನ ಕಿವಿಯೋಲೆ ಎಳೆಯುತ್ತಿತ್ತು.

ಶಾಲೆಯ ಜಗಲಿಯಲ್ಲಿ ಅರ್ಧ ಗಂಟೆ ಕಾದೆವು. ಕೆಲವರು ಗೊಣಗತೊಡಗಿದ್ದರು. ಆಗ ಸದ್ದು ಬಂತು. ಲಾರಿಯಿಂದ ಜಲ್ಲಿ ಸುರಿದಂತೆ, ಆದರೆ ನಿಲ್ಲದೆ. ಬಂಡೆಗಳ ಕಡೆಯಿಂದ ಕೆಂಪು ನೀರು ಪೊದೆಗಳನ್ನು ಹೊತ್ತುಕೊಂಡು ಬಂತು, ಮಣ್ಣಿನ ದಿಬ್ಬಕ್ಕೆ ಬಡಿಯಿತು, ಒಂದು ಕ್ಷಣ ಅಲ್ಲಿಯೇ ಎದ್ದು ನಿಂತಂತೆ ಕಂಡಿತು, ಆಮೇಲೆ ಪಕ್ಕಕ್ಕೆ ತಿರುಗಿ ಬೀದಿಯೊಳಗೆ ನುಗ್ಗಿತು. ಬಾಗಿಲುಗಳು ಒಂದೊಂದಾಗಿ ಒಳಕ್ಕೆ ತೆರೆದುಕೊಂಡವು, ನೆಂಟರು ಬಂದ ಹಾಗೆ. ಆಪಾ ಅವರ ಮನೆಯ ಗೋಡೆ ಮೆಲ್ಲಗೆ ಬಾಗಿ, ನೀರಿನಲ್ಲಿ ಕೂತುಬಿಟ್ಟಿತು.

ನನ್ನ ಮುಂದೆ ಇದ್ದದ್ದು ಇಪ್ಪತ್ತು ಮನೆ. ನಾನು ಬಳಿದ ಹಳದಿಯಲ್ಲಿ ಇನ್ನೂರು ಮನೆಗೆ ಜಾಗವಿತ್ತು.

ಮಾವ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು ತಲೆ ಎಣಿಸುತ್ತಿದ್ದರು. ಮುಗಿಸಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. "ನೀನೂ ಒಂದು ಸಲ ಎಣಿಸಮ್ಮ. ನನಗೆ ನಂಬಿಕೆ ಸಾಲ್ದು," ಎಂದರು. ಎಣಿಸಿದೆ. ಎಲ್ಲರೂ ಇದ್ದರು.

ಆ ತಿಂಗಳ ಕೊನೆಗೆ ಕರಡು ಯೋಜನೆಯ ಆಕ್ಷೇಪಣೆ ಕೇಳುವ ಸಭೆ ಇತ್ತು. ಮಾವ ಬಂದರು, ಜೊತೆಗೆ ಅತ್ತೆ, ಅತ್ತೆಯ ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗೆ ಎರಡು ಪಂಚೆ, ಟೂತ್‌ಬ್ರಷ್, ಬಿಪಿ ಮಾತ್ರೆ, ಒಂದು ಡಬ್ಬಿ ಮಾವಿನ ಉಪ್ಪಿನಕಾಯಿ.

"ಇದೇನತ್ತೆ?"

"ಸುಳ್ಳು ದಾಖಲೆ ಬರೆದದ್ದಕ್ಕೆ ಇಲ್ಲಿಂದ್ಲೇ ಜೈಲಿಗೆ ಕರ್ಕೊಂಡು ಹೋಗ್ತಾರಂತೆ. ಏಂ ಕಾದು ಅಂದ್ರೆ ಕೇಳ್ಬೇಕಲ್ಲ." ಅತ್ತೆ ದನಿ ತಗ್ಗಿಸಿದರು. "ಉಪ್ಪಿನಕಾಯಿ ನಾನೇ ಇಟ್ಟೆ. ಅಕಸ್ಮಾತ್ ಅಂತ."

ಮಾವನ ಸರದಿ ಬಂದಾಗ ಅವರು ಬರೆದು ತಂದದ್ದನ್ನು ಓದಲು ನಿಂತರು. ಕಾಗದ ಎಷ್ಟು ನಡುಗಿತೆಂದರೆ ಮೈಕಿನಲ್ಲಿ ಮೊದಲು ಕೇಳಿಸಿದ್ದು ಅದರ ಪರಪರ ಸದ್ದೇ. ಕೊನೆಗೆ ಕಾಗದ ಮಡಿಚಿ ಜೇಬಿಗಿಟ್ಟು, ಬಾಯಿಮಾತಿನಲ್ಲಿ ಹೇಳಿದರು. ಕಾಲುವೆ ಇದೆ, ಇಲ್ಲ ಎಂದು ಬರೆದವನು ನಾನು, ನಡೆಯದೆ ಬರೆದೆ.

"ಯಾಕೆ ನಡೀಲಿಲ್ಲ?" ಎಂದರು ನಮ್ಮ ಮುಖ್ಯಾಧಿಕಾರಿ.

"ಹೆಜ್ಜೇನಿಗೆ ಹೆದರಿ, ಸರ್."

ಸಭೆಯಲ್ಲಿ ನಗು ಎದ್ದಿತು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಆಪಾ. ಸುಮ್ಮನೆ ನಿಂತು ನಗುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಗು ಆರಿತು.

"ನಕ್ಷೆ ಮಾ‌ಡಿದೋರದ್ದು ತಪ್ಪಿಲ್ಲ ಸರ್," ಎಂದರು ಮಾವ. "ನನ್ನ ದಾಖಲೆ ನಂಬಿ ಮಾಡಿದ್ದಾರೆ. ನನ್ನ ಹಾಗೆ ಇನ್ನೂ ಯಾರ್ಯಾರು ಎಲ್ಲೆಲ್ಲಿ ಮರದ ಕೆಳಗೆ ಕೂತು ಬರೆದಿದ್ದಾರೋ ನನಗೆ ಗೊತ್ತಿಲ್ಲ. ಕಂಡುಬರುವುದಿಲ್ಲ ಅಂತ ಇರೋ ಕಡೆಗೆಲ್ಲ ಒಂದು ಸಲ ಯಾರಾದ್ರೂ ನಡೆದು ನೋಡ್ಬೇಕು. ಮೇಲಿನ ಕೆರೆಯಿಂದ ಕೆಳಗಿನ ಕೆರೆವರೆಗೂ ನಡೀಬೇಕು. ಆಮೇಲೆ ಬಣ್ಣ ಹಾಕಿ."

ಅಧಿಕಾರಿ ಬಹಳ ಹೊತ್ತು ಏನೋ ಬರೆದುಕೊಂಡರು. ಎಲ್ಲ ಕಾಲುವೆಗಳನ್ನೂ ಸ್ಥಳದಲ್ಲೇ ಮತ್ತೆ ಅಳೆಯುವವರೆಗೆ ಯೋಜನೆ ಮುಂದುವರಿಯುವುದಿಲ್ಲ, ಆ ಮಣ್ಣು ತೆಗೆಸಲು ಪತ್ರ ಬರೆಯಲಾಗುವುದು ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಈ ಭಾಗ ಮಾಡಿದವರು ಸ್ಥಳಕ್ಕೆ ಹೋಗಿದ್ರು ತಾನೆ?" ಎಂದು ಕೇಳಿದರು. ನನ್ನ ಪಕ್ಕದವರು ಫೈಲು ತಿರುವಿ, "ಸಹಿ ಇದೆ ಸರ್," ಎಂದರು. ನಾನು ನನ್ನ ಚಪ್ಪಲಿ ನೋಡುತ್ತ ಕೂತೆ. ಗುತ್ತಿಗೆಯ ಕೆಲಸ, ಒಂದು ಮಾತಿನಲ್ಲಿ ಹೋಗುವಂಥದ್ದು. ಭಯ ಎಂದರೆ ಏನೆಂದು ತಿಳಿಯಲು ಆಗ ಮಾವನನ್ನು ಕೇಳಬೇಕಾಗಿರಲಿಲ್ಲ.

ಜೈಲಿಗೆ ಯಾರೂ ಕರೆದೊಯ್ಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಬಸ್ಸು ವಿಚಾರಿಸಲು ಹೋದಾಗ ನಾನು ಮಾವನ ಪಕ್ಕ ಕೂತು ಹೇಳಿಬಿಟ್ಟೆ. ಸಹಿಯ ವಿಷಯ, ನಾನು ಎದ್ದು ನಿಲ್ಲದ ವಿಷಯ. "ನಿಮ್ಮ ಮೇಲೆ ತಪ್ಪು ಹೊರಿಸಿ ಸುಮ್ನೆ ಕೂತೆ ಮಾವ. ಬಾಯೇ ಬರಲಿಲ್ಲ."

ಹೆದರಬೇಡ ಎಂದು ಅವರು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಜೀವಮಾನವೆಲ್ಲ ಆ ಮಾತನ್ನು ಕೇಳಿಸಿಕೊಂಡವರು ಅವರು, ಅದರಿಂದ ಏನೂ ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತಿತ್ತು.

"ತುಂಬ ಭಯ ಆಗಿದೆಯಾ?" ಎಂದರು.

"ತುಂಬ."

"ನನಗೆ ಹೇಳೋಕೆ ಇಡೀ ಸರ್ವೀಸ್ ಸಾಕಾಗ್ಲಿಲ್ಲ ಕಣಮ್ಮ. ನೀನು ನಾಳೆ ಬೆಳಿಗ್ಗೆ ಹೇಳಿದ್ರೂ ಬಹಳ ಬೇಗ ಹೇಳಿದ ಹಾಗೆ." ಗೋಡೆಯ ಮೇಲಿನ ಬಸ್ಸಿನ ವೇಳಾಪಟ್ಟಿ ನೋಡಿದರು. "ನಾನೂ ಬರ್ತೀನಿ. ಒಳಗೆ ಬರಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ."

ಮರುದಿನ ಅವರು ಮೊದಲ ಬಸ್ಸಿಗೆ ಬಂದಿದ್ದರು. ನಮ್ಮ ಅಧಿಕಾರಿಯ ಕೋಣೆಗೆ ಹಳೆಯ ಕಾಲದ ಅರ್ಧ ಬಾಗಿಲು, ಮೇಲೂ ಕೆಳಗೂ ತೆರೆದದ್ದು. ನಾನು ತಳ್ಳಿಕೊಂಡು ಒಳಗೆ ಹೋಗಿ ಮೇಜಿನ ಮುಂದೆ ನಿಂತೆ. ಅಧಿಕಾರಿ ತಲೆಯೆತ್ತಿ, "ಏನಮ್ಮ?" ಎಂದರು. ನಾನು ತಿರುಗಿ ಬಾಗಿಲ ಕಡೆ ನೋಡಿದೆ. ಅದರ ಕೆಳಗಿನ ಸಂದಿನಲ್ಲಿ, ಹೊರಗಿನ ಬೆಂಚಿನ ಮುಂದೆ ಜೋಡಿಸಿಟ್ಟುಕೊಂಡ ಮಾವನ ಎರಡು ಪಾದಗಳು ಕಾಣುತ್ತಿದ್ದವು. ಎರಡೂ ನಡುಗುತ್ತಿದ್ದವು.

"ಸರ್," ಎಂದೆ. "ನಾನು ಆ ಜಾಗಕ್ಕೆ ಹೋಗಿರಲಿಲ್ಲ."